‘ಕೋಚ್’ ಎಂಬ ನಾಮಪದ: ಹಂಗೇರಿಯ ಒಂದು ಊರಿನಿಂದ ಒಂಬತ್ತನೇ ತರಗತಿಗೆ

ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಓದಿದ ಎಲ್ಲರಿಗೂ ಅನ್ಯದೇಶ್ಯ ಪದಗಳ ಪಟ್ಟಿ ನೆನಪಿರುತ್ತದೆ. ಪೋರ್ಚುಗೀಸಿನಿಂದ ಮೇಜು, ಸಾಬೂನು; ಪಾರ್ಸಿ-ಅರಬ್ಬಿಯಿಂದ ಜಮೀನು, ದವಾಖಾನೆ; ಇಂಗ್ಲಿಷಿನಿಂದ ಬಸ್ಸು, ರೈಲು, ಪೆನ್ನು. ನಾನು ಓದಿದ ಪಟ್ಟಿಯಲ್ಲಿ ಹಂಗೇರಿಯನ್ ಭಾಷೆಯ ಹೆಸರು ಇರಲಿಲ್ಲ. ಆದರೆ ಹಂಗೇರಿಯ ಒಂದು ನಾಮಪದ ನಮ್ಮ ತಾಲ್ಲೂಕು ಕೇಂದ್ರದ ಗೋಡೆಗೋಡೆಯ ಮೇಲೂ ಇದೆ. ನವೋದಯ ಕೋಚಿಂಗ್, ಟಿಇಟಿ ಕೋಚಿಂಗ್ ಎಂಬ ಬೋರ್ಡುಗಳಲ್ಲಿ ಅದು ಕಾಣುತ್ತದೆ. ರೈಲು ನಿಲ್ದಾಣದಲ್ಲಿ ‘ನಮ್ಮ ಕೋಚ್ ಎಲ್ಲಿ ನಿಲ್ಲುತ್ತೆ?’ ಎಂದು ಓಡುವವರ ಬಾಯಲ್ಲಿ ಕೇಳುತ್ತದೆ. ಶಾಲೆಯ ಕಬಡ್ಡಿ ಅಂಕಣದ ಪಕ್ಕದಲ್ಲಿ ಸೀಟಿ ಹಿಡಿದು ನಿಂತಿರುತ್ತದೆ.

ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದವಳು. ಭೌತವಿಜ್ಞಾನ ಮತ್ತು ಗಣಿತ ನನ್ನ ಬೋಧನಾ ವಿಷಯಗಳು. ಪದಗಳ ಹುಟ್ಟು, ಬೆಳವಣಿಗೆ ನನ್ನ ಕ್ಷೇತ್ರವಲ್ಲ. ಆದರೂ ಈ ವರ್ಷದ ಅಭ್ಯಾಸ ಬೋಧನೆಯಲ್ಲಿ, ಮಕ್ಕಳು ವಿಜ್ಞಾನದ ಪದಗಳನ್ನು ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದನ್ನು ನನಗೆ ಕಲಿಸಿದ್ದು ಈ ಒಂದು ನಾಮಪದ. ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಬಂದ ಪ್ರಶ್ನೆ

ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಘಟಕ: ಚಲನೆ. ನಾನು ಕೊಟ್ಟ ಲೆಕ್ಕ ಹೀಗಿತ್ತು: ಒಂದು ರೈಲಿನಲ್ಲಿ 12 ಕೋಚ್‌ಗಳಿವೆ, ಪ್ರತಿಯೊಂದರ ಉದ್ದ 24 ಮೀಟರ್, ರೈಲಿನ ಜವ ಗಂಟೆಗೆ 72 ಕಿಲೋಮೀಟರ್, ಇಂಜಿನ್ನನ್ನು ಬಿಟ್ಟು, ಕೋಚ್‌ಗಳಷ್ಟೇ ಒಂದು ಕಂಬವನ್ನು ದಾಟಲು ಎಷ್ಟು ಸಮಯ ಬೇಕು? ಒಟ್ಟು ಉದ್ದ 288 ಮೀಟರ್, ಜವ ಸೆಕೆಂಡಿಗೆ 20 ಮೀಟರ್, ಉತ್ತರ 14.4 ಸೆಕೆಂಡು. ಲೆಕ್ಕ ಬೇಗ ಮುಗಿಯಿತು.

ಆಗ ಮೂರನೇ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ಶಾಲೆಯ ಕಬಡ್ಡಿ ತಂಡದಲ್ಲಿರುವ ಹುಡುಗಿ. ಮೈದಾನದಲ್ಲಿ ಇಡೀ ತಂಡವನ್ನು ಕೂಗಿ ನಡೆಸುವವಳು ವಿಜ್ಞಾನದ ಅವಧಿಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

‘ಮಿಸ್, ರೈಲಿನ ಕೋಚು, ನಮ್ಮ ಕಬಡ್ಡಿ ಕೋಚು, ಎರಡೂ ಒಂದೇ ಪದಾನಾ?’

ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ, ‘ಇವಳು ಕೋಚ್ ಸರ್ ಮೇಲೆ ಕೂತ್ಕೊಂಡು ಹೋಗ್ತಾಳಂತೆ ಮಿಸ್’ ಎಂದ. ಇನ್ನೂ ಜೋರಾಗಿ ನಕ್ಕರು. ‘ಒಳ್ಳೆ ಪ್ರಶ್ನೆ. ನಾನೂ ಹುಡುಕ್ತೀನಿ, ನೀವೂ ಊಹೆ ಮಾಡಿಕೊಂಡು ಬನ್ನಿ. ಆದ್ರೆ ಊಹೆಗೆ ಕಾರಣ ಕೊಡಬೇಕು’ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದೆ. ಎರಡು ದಿನದ ನಂತರ ಕನ್ನಡ ಮೇಡಂ ರಜೆಯಲ್ಲಿದ್ದರು, ಅವರ ಅವಧಿ ಬದಲಿಯಾಗಿ ನನಗೆ ಬಂತು. ಅಷ್ಟರಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯದ ನಿಘಂಟುಗಳಲ್ಲಿ ನನಗೆ ಬೇಕಾದ್ದು ಸಿಕ್ಕಿತ್ತು.

ಊರು ಮತ್ತು ಒಂದು ಪ್ರತ್ಯಯ

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಪಶ್ಚಿಮದಲ್ಲಿ, ತಾತಾ ಎಂಬ ಪಟ್ಟಣದ ಹತ್ತಿರ, ಕೊಚ್ ಎಂಬ ಹಳ್ಳಿಯಿದೆ. (‘ತಾತಾ’ ಎಂದಾಗ ಮಕ್ಕಳು ನಕ್ಕಿದ್ದನ್ನು ಬೇರೆ ಹೇಳಬೇಕಿಲ್ಲ.) ವಿಯೆನ್ನಾಕ್ಕೂ ಬುಡಾ ನಗರಕ್ಕೂ ನಡುವಿನ ದಾರಿಯ ಊರು ಅದು. 15ನೆಯ ಶತಮಾನದಲ್ಲಿ, 1458ರಿಂದ 1490ರವರೆಗೆ ಹಂಗೇರಿಯನ್ನು ಆಳಿದ ಮಾಥಿಯಾಸ್ ಕೊರ್ವಿನಸ್ ರಾಜನ ಕಾಲದ ಹೊತ್ತಿಗೆ, ಆ ಊರಿನ ಬಂಡಿ ಕೆಲಸದವರು ಹಗುರವಾದ, ವೇಗವಾಗಿ ಓಡುವ ನಾಲ್ಕು ಚಕ್ರದ ಕುದುರೆಬಂಡಿಗಳಿಗೆ ಹೆಸರಾಗಿದ್ದರು.

ಹಂಗೇರಿಯನ್ ಭಾಷೆಯಲ್ಲಿ ಊರಿನ ಹೆಸರಿಗೆ ‘ಇ’ ಪ್ರತ್ಯಯ ಹಚ್ಚಿದರೆ ‘ಆ ಊರಿನ’ ಎಂಬ ಅರ್ಥ ಬರುತ್ತದೆ. ಬುಡಾಪೆಸ್ಟ್‌ಗೆ ‘ಇ’ ಸೇರಿದರೆ ಬುಡಾಪೆಸ್ಟಿನದು ಅಥವಾ ಅಲ್ಲಿಯವನು. ಹಾಗೆಯೇ ಕೊಚ್ + ಇ = ಕೊಚಿ, ಅಂದರೆ ಕೊಚ್ ಊರಿನದು. ‘ಸೆಕೇರ್’ ಎಂದರೆ ಬಂಡಿ. ‘ಕೊಚಿ ಸೆಕೇರ್’ ಎಂದರೆ ಕೊಚ್ ಊರಿನ ಬಂಡಿ. ಜನ ಆಡುತ್ತ ಆಡುತ್ತ ಸೆಕೇರನ್ನು ಬಿಟ್ಟರು, ಕೊಚಿ ಉಳಿಯಿತು. ವಿಶೇಷಣವಾಗಿದ್ದ ಪದ ನಾಮಪದವಾಯಿತು. ಇನ್ನೊಂದು ಸ್ವಾರಸ್ಯವೆಂದರೆ, ಹಂಗೇರಿಯನ್ ಬರವಣಿಗೆಯಲ್ಲಿ ಊರಿನ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ, ‘ಇ’ ಸೇರಿದ ಕೂಡಲೇ ಚಿಕ್ಕಕ್ಷರಕ್ಕೆ ಇಳಿಯುತ್ತದೆ. ಒಂದು ಪ್ರತ್ಯಯ ಹತ್ತಿದ ಕ್ಷಣದಿಂದಲೇ ಆ ಹೆಸರು ಒಂದು ಊರಿನ ಸ್ವತ್ತಾಗಿ ಉಳಿಯುವುದಿಲ್ಲ.

ಇದನ್ನು ಮಕ್ಕಳಿಗೆ ವಿವರಿಸಲು ನನಗೆ ದೂರದ ಉದಾಹರಣೆ ಬೇಕಾಗಲಿಲ್ಲ. ಬೀದರಿನ ಲೋಹದ ಕುಸುರಿ ಕೆಲಸಕ್ಕೆ ನಾವು ಏನನ್ನುತ್ತೇವೆ? ಬಿದ್ರಿ. ಬನಾರಸಿನ ಸೀರೆಗೆ? ಬನಾರಸಿ. ‘ಬನಾರಸಿ ಉಟ್ಟಿದ್ದಾಳೆ’ ಎಂದರೆ ಸೀರೆ ಎಂದು ಬೇರೆ ಹೇಳಬೇಕಾಗಿಲ್ಲ. ಈ ‘ಇ’ ನಮಗೆ ಪಾರ್ಸಿ-ಹಿಂದೂಸ್ತಾನಿಯ ದಾರಿಯಲ್ಲಿ ಬಂದದ್ದು, ಹಂಗೇರಿಯ ‘ಇ’ಯೇ ಅಲ್ಲ. ಆದರೆ ಎರಡೂ ಮಾಡುವ ಕೆಲಸ ಒಂದೇ.

ಊಹೆ ಮತ್ತು ಸಾಕ್ಷ್ಯ

ಮಕ್ಕಳ ಊಹೆಗಳೂ ಬಂದಿದ್ದವು. ‘ಕೊಚಿ’ ಎಂದು ನಾನು ಹೇಳಿದ ಕೂಡಲೇ ಒಬ್ಬ ಎದ್ದು, ‘ಹಾಗಾದ್ರೆ ಕೇರಳದ ಕೊಚ್ಚಿನೇ ಇರಬೇಕು ಮಿಸ್, ಅಲ್ಲಿ ಹಡಗು ಕಟ್ತಾರಲ್ಲ, ಬಂಡಿನೂ ಕಟ್ಟಿರ್ತಾರೆ’ ಎಂದ. ಕಾರಣ ಕೊಟ್ಟಿದ್ದಾನೆ, ಅದಕ್ಕೆ ಮೆಚ್ಚುಗೆ ಹೇಳಿದೆ. ಆಮೇಲೆ ತರಗತಿಯನ್ನೇ ಕೇಳಿದೆ: ಎರಡು ಪದಗಳು ಕೇಳಲು ಒಂದೇ ಥರ ಇದ್ದರೆ ಸಾಕೇ? ಇನ್ನೇನು ತೋರಿಸಬೇಕು? ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: ಆ ಬಂಡಿ ಅಲ್ಲಿತ್ತು ಅಂತ ಗೊತ್ತಾಗಬೇಕು, ಅಲ್ಲಿಂದ ಹೇಗೆ ಹೋಯಿತು ಅಂತಲೂ ಗೊತ್ತಾಗಬೇಕು. ವೈಜ್ಞಾನಿಕ ಮನೋಭಾವ ಎಂದು ನಾವು ಪಾಠಯೋಜನೆಯ ಉದ್ದೇಶಗಳಲ್ಲಿ ಬರೆಯುವ ಮಾತು ಇದೇ ಅಲ್ಲವೇ?

ಕೊಚ್ ಊರಿನ ಪರವಾಗಿ ಆ ದಾರಿ ಸಿಗುತ್ತದೆ. ಹಂಗೇರಿಯಿಂದ ಪದ ಜರ್ಮನ್ ಭಾಷೆಗೆ ಹೋಗಿ ‘ಕುಚೆ’ ಆಯಿತು. ಫ್ರೆಂಚಿನಲ್ಲಿ ‘ಕೊಶ್’, ಸ್ಪ್ಯಾನಿಷಿನಲ್ಲಿ ‘ಕೋಚೆ’ ಆಯಿತು. 16ನೆಯ ಶತಮಾನದ ಮಧ್ಯದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಕೋಚ್’ ಕಾಣಿಸಿಕೊಂಡಿತು. ವಸ್ತು ಎಲ್ಲೆಲ್ಲಿ ಹೋಯಿತೋ ಪದವೂ ಅಲ್ಲಲ್ಲಿಗೆ ಹೋಯಿತು. ಹೋದಲ್ಲೆಲ್ಲ ಆ ಮನೆಯ ಕಟ್ಟಳೆಯನ್ನು ಒಪ್ಪಿಕೊಂಡಿತು. ಹಂಗೇರಿಯನ್‌ನಲ್ಲಿ ವ್ಯಾಕರಣದ ಲಿಂಗವೇ ಇಲ್ಲ, ಅವನು-ಅವಳು ಎರಡಕ್ಕೂ ಒಂದೇ ಸರ್ವನಾಮ. ಜರ್ಮನ್‌ಗೆ ಹೋದ ಪದ ಸ್ತ್ರೀಲಿಂಗವಾಯಿತು, ಸ್ಪ್ಯಾನಿಷ್‌ಗೆ ಹೋದದ್ದು ಪುಲ್ಲಿಂಗವಾಯಿತು.

ಬಂಡಿಗೆ ಪ್ರತ್ಯಯಗಳ ಜೋಡಣೆ

ಹಂಗೇರಿಯನ್ ಭಾಷೆಯಲ್ಲಿ ಈ ಪದ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದಾಗ ನನಗೇ ಅಚ್ಚರಿಯಾಯಿತು. ಕಪ್ಪುಹಲಗೆಯ ಒಂದು ಕಡೆ ಅವರ ಕೊಚಿ, ಇನ್ನೊಂದು ಕಡೆ ನಮ್ಮ ಬಂಡಿ ಬರೆದೆ.

ಕೊಚಿ — ಬಂಡಿ
ಕೊಚಿಕ್ — ಬಂಡಿಗಳು
ಕೊಚಿತ್ — ಬಂಡಿಯನ್ನು
ಕೊಚಿಬನ್ — ಬಂಡಿಯಲ್ಲಿ
ಕೊಚಿಕ್‌ಬನ್ — ಬಂಡಿಗಳಲ್ಲಿ

ಮೊದಲು ಪದ, ಆಮೇಲೆ ಬಹುವಚನ, ಕೊನೆಗೆ ವಿಭಕ್ತಿ. ಕ್ರಮ ನಮ್ಮದೇ. ‘ರೈಲಿಗೆ ಕೋಚು ಸಿಕ್ಕಿಸಿದ ಹಾಗೆ ಮಿಸ್’ ಎಂದ ಒಬ್ಬ. ನಾನು ಹೇಳಬೇಕೆಂದಿದ್ದ ಹೋಲಿಕೆ ಅವನ ಬಾಯಲ್ಲೇ ಬಂತು. ‘ಎರಡು ಬಂಡಿ’ ಎನ್ನುವಾಗ ನಾವು ಮಾತಿನಲ್ಲಿ ‘ಗಳು’ ಬಿಡುತ್ತೇವೆ. ಅವರೂ ಅಷ್ಟೇ: ಎರಡಕ್ಕೆ ‘ಕೇತ್’, ‘ಕೇತ್ ಕೊಚಿ’ ಎಂದರೆ ಸಾಕು, ಬಹುವಚನದ ‘ಕ್’ ಬರಕೂಡದು. ನಮ್ಮಲ್ಲಿ ಅದು ಮಾತಿನ ರೂಢಿ, ಅವರಲ್ಲಿ ನಿಯಮ.

ವ್ಯತ್ಯಾಸಗಳೂ ಇವೆ. ‘ನನ್ನ ಬಂಡಿ’ ಎನ್ನಲು ನಾವು ಮುಂದೆ ‘ನನ್ನ’ ಸೇರಿಸುತ್ತೇವೆ. ಅವರು ಹಿಂದೆ ‘ಮ್’ ಸೇರಿಸಿ ‘ಕೊಚಿಮ್’ ಎನ್ನುತ್ತಾರೆ. ಇನ್ನೊಂದು, ಅವರ ಪ್ರತ್ಯಯ ಪದದ ಸ್ವರವನ್ನು ನೋಡಿ ಬಣ್ಣ ಬದಲಿಸುತ್ತದೆ. ‘ಕೊಚಿ’ಗೆ ‘ಬನ್’ ಹತ್ತಿದರೆ, ತೋಟ ಎಂಬರ್ಥದ ‘ಕೆರ್ತ್’ಗೆ ‘ಬೆನ್’ ಹತ್ತುತ್ತದೆ. ಇದಕ್ಕೆ ಸ್ವರಸಾಮರಸ್ಯ ಎನ್ನುತ್ತಾರೆ. ನಮ್ಮಲ್ಲಿ ಆ ನಿಯಮವಿಲ್ಲ. ಆದರೆ ಬಂಡಿ + ಅಲ್ಲಿ ಸೇರುವಾಗ ನಡುವೆ ಯಕಾರ ಬರುತ್ತದೆ, ಅದು ನಮ್ಮ ಹೊಂದಾಣಿಕೆ.

‘ಹಾಗಾದ್ರೆ ಕನ್ನಡಕ್ಕೂ ಅವರ ಭಾಷೆಗೂ ಸಂಬಂಧ ಇದೆಯಾ ಮಿಸ್?’ ಕೊಚ್ಚಿಯ ಊಹೆ ಹೇಳಿದ ಹುಡುಗನೇ ಕೇಳಿದ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಅವರೂ ಇಂಥ ಹೋಲಿಕೆಗಳನ್ನು ನೋಡಿ ಅಂಥದ್ದೊಂದು ನಂಟನ್ನು ಸೂಚಿಸಿದ್ದರು. ಇಂದಿನ ಭಾಷಾವಿಜ್ಞಾನ ಅದನ್ನು ಒಪ್ಪುವುದಿಲ್ಲ. ಹಂಗೇರಿಯನ್ ಯುರಾಲಿಕ್ ಕುಟುಂಬದ ಭಾಷೆ, ಕನ್ನಡ ದ್ರಾವಿಡ. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ, ಹಾಗೆಂದು ಬಾವಲಿ ಹಕ್ಕಿಯಲ್ಲ ಎಂದೆ. ಅವನಿಗೆ ಅರ್ಥವಾಯಿತು.

ಬಂಡಿಯಿಂದ ಮನುಷ್ಯನಿಗೆ

ಹುಡುಗಿಯ ಮೂಲ ಪ್ರಶ್ನೆ ಇನ್ನೂ ಬಾಕಿಯಿತ್ತು. ರೈಲಿನ ಕೋಚ್ ಸುಲಭ. 1830ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ಪ್ರಯಾಣಿಕರ ರೈಲು ಶುರುವಾದಾಗ ಮೊದಲ ದರ್ಜೆಯ ಡಬ್ಬಿಗಳನ್ನು ಕುದುರೆ ಸಾರೋಟಿನ ಮಾದರಿಯಲ್ಲೇ, ಎರಡು ಮೂರು ಸಾರೋಟುಗಳನ್ನು ಸಾಲಾಗಿ ಜೋಡಿಸಿದಂತೆ ಕಟ್ಟುತ್ತಿದ್ದರು. ವಸ್ತುವಿನ ಆಕಾರದ ಜೊತೆ ಹೆಸರೂ ಬಂತು. 1955ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ಆರಂಭವಾದ ನಮ್ಮ ದೇಶದ ಕಾರ್ಖಾನೆಯ ಹೆಸರೂ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ.

ಮನುಷ್ಯ ಕೋಚ್ ಆದದ್ದು ಒಂದು ತಮಾಷೆಯಿಂದ. ಅದೇ 1830ರ ಆಸುಪಾಸಿನಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಹಣ ಪಡೆದು ಪಾಠ ಹೇಳಿ ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ‘ಕೋಚ್’ ಎಂದು ಕರೆಯತೊಡಗಿದರು. ನಾವು ಸುಮ್ಮನೆ ಕೂತರೂ ಅವರು ಹೊತ್ತು ಮುಟ್ಟಿಸುತ್ತಾರೆ ಎಂಬ ಅರ್ಥದಲ್ಲಿ. ಆಟದ ತರಬೇತುದಾರರಿಗೆ ಆ ಹೆಸರು ಬಂದದ್ದು ಅದಾದ ಮೂರು ದಶಕಗಳ ಮೇಲೆ. ಹಿಂದಿನ ಬೆಂಚಿನ ಹುಡುಗ ಕೋಚ್ ಸರ್ ಮೇಲೆ ಕೂತು ಹೋಗುವ ಮಾತಾಡಿದ್ದನಲ್ಲ, ಅದು ಆಕ್ಸ್‌ಫರ್ಡಿನವರು ಮಾಡಿದ ತಮಾಷೆಯೇ. ಅವನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಈ ಭಾಗ ನನ್ನನ್ನೂ ತಟ್ಟಿತು. ಬಸ್ ಪಾಸು ಮತ್ತು ಕಾಲೇಜು ಶುಲ್ಕಕ್ಕಾಗಿ ನಾನು ಸಂಜೆ ಎರಡು ಗಂಟೆ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತೇನೆ. ಕೋಚಿಂಗ್ ಎಂದರೆ ಕೀಳು ಎಂದು ಸೆಮಿನಾರುಗಳಲ್ಲಿ ಕೇಳಿ ಕೇಳಿ ಒಂದು ಅಳುಕಿತ್ತು. ಆದರೆ ಕೇಂಬ್ರಿಜ್‌ನಲ್ಲಿ ವಿಲಿಯಂ ಹಾಪ್ಕಿನ್ಸ್ ಎಂಬ ಖಾಸಗಿ ಕೋಚ್ ಇದ್ದರು. ಸ್ಟೋಕ್ಸ್, ಕೇಲೀ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್, ಮ್ಯಾಕ್ಸ್‌ವೆಲ್ ಇವರೆಲ್ಲ ಅವರ ಹತ್ತಿರ ಕಲಿತವರು. ಬಿ.ಎಸ್ಸಿ. ಪುಸ್ತಕಗಳಲ್ಲಿ ಪ್ರಮೇಯಗಳಾಗಿ, ಸಮೀಕರಣಗಳಾಗಿ, ಮಾನಗಳಾಗಿ ನಾನು ಓದಿದ ಹೆಸರುಗಳು ಒಬ್ಬ ಕೋಚ್ ಎದುರು ಕೂತು ಲೆಕ್ಕ ಮಾಡಿದ್ದವು. ಹಾಗಾಗಿ ಹೊತ್ತು ಮುಟ್ಟಿಸುವುದೇ ದೋಷವಲ್ಲ. ಇಳಿದ ಮೇಲೆ ಮಗು ತಾನೇ ನಡೆಯುತ್ತದೆಯೇ ಎಂಬುದನ್ನು ನೋಡಬೇಕು. ಅದನ್ನು ತಿಳಿಯುವ ಒಂದು ಗುರುತು ನನಗೆ ವ್ಯಾಕರಣದಲ್ಲಿ ಸಿಕ್ಕಿತು.

ಕನ್ನಡದ ಕೋಚು

ಹುಡುಗಿ ಕೇಳಿದ ಪ್ರಶ್ನೆಯಲ್ಲಿ ‘ಕೋಚ್’ ಇರಲಿಲ್ಲ, ‘ಕೋಚು’ ಇತ್ತು. ಆ ಉಕಾರವನ್ನು ಅವಳಿಗೆ ಯಾರೂ ಕಲಿಸಿಲ್ಲ. ಹಳಗನ್ನಡದ ಕಲ್ ಈಗ ಕಲ್ಲು, ಕಣ್ ಈಗ ಕಣ್ಣು, ಕಾಲ್ ಈಗ ಕಾಲು. ಇಂಥ ಒಂದಕ್ಷರದ ಪದಗಳಲ್ಲಿ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗಿ ಉಕಾರ ಸೇರುತ್ತದೆ, ದೀರ್ಘವಾಗಿದ್ದರೆ ಬರೀ ಉಕಾರ. ಇಂಗ್ಲಿಷಿನ ಪದ ಬಂದರೂ ನಿಯಮ ಅದೇ: ಬಸ್ಸು, ಪೆನ್ನು, ಆದರೆ ಕಾರು, ಕೋಚು. ಹಂಗೇರಿಯ ಹ್ರಸ್ವ ಒಕಾರದ ‘ಕೊಚ್’ ನೇರವಾಗಿ ನಮ್ಮಲ್ಲಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಮೂರು ನಾಲ್ಕು ಜನ ಒಟ್ಟಿಗೆ ‘ಕೊಚ್ಚು!’ ಎಂದರು. ನಮ್ಮ ಪದ ಇಂಗ್ಲಿಷಿನ ಮೂಲಕ ಬಂತು ಎನ್ನುವುದಕ್ಕೆ ಆ ದೀರ್ಘ ಓಕಾರವೇ ಗುರುತು.

ಕನ್ನಡ ಅದಕ್ಕೆ ಲಿಂಗವನ್ನೂ ಕೊಟ್ಟಿದೆ, ಅರ್ಥ ನೋಡಿ ಕೊಟ್ಟಿದೆ. ‘ಕೋಚ್ ಬಂತು’ ಎಂದರೆ ರೈಲಿನದು, ‘ಕೋಚ್ ಬಂದರು’ ಎಂದರೆ ಕಬಡ್ಡಿಯವರು. ‘ಕೋಚಿನಲ್ಲಿ’ ಜಾಗವಿರುತ್ತದೆ, ‘ಕೋಚ್ ಹತ್ತಿರ’ ಮಾತಾಡುತ್ತೇವೆ. ಒಂದೇ ಪದವಾದರೂ ಯಾರೂ ಎಂದೂ ಗೊಂದಲಪಡುವುದಿಲ್ಲ. ಕ್ರಿಯಾಪದವೂ ಪ್ರತ್ಯಯವೂ ಕಾವಲು ಕಾಯುತ್ತಿರುತ್ತವೆ.

ವಿಜ್ಞಾನದ ಅವಧಿಗೆ ಇದರಿಂದ ಏನು?

ಮುಂದಿನ ಘಟಕ ಬಲ ಮತ್ತು ಚಲನೆಯ ನಿಯಮಗಳು. ಅದೇ ಹುಡುಗಿ ಈಗ ಉತ್ತರ ಹೇಳತೊಡಗಿದ್ದಳು: ‘ಫೋರ್ಸು ಜಾಸ್ತಿ ಕೊಟ್ರೆ ಸ್ಪೀಡು ಬೇಗ ಬೇಗ ಬದಲಾಗುತ್ತೆ ಮಿಸ್.’ ನಾನು ‘ಹೌದು, ಮುಂದೆ ಹೇಳು’ ಎಂದೆ. ಆ ದಿನದ ಅವಲೋಕನ ಪಟ್ಟಿಯಲ್ಲಿ ಷರಾ ಬಂತು: ‘ಮಿಶ್ರಭಾಷೆಯನ್ನು ತಿದ್ದಬೇಕು.’

ಆ ಹುಡುಗಿ ಯಾಕೆ ಅಷ್ಟು ದಿನ ಸುಮ್ಮನಿದ್ದಳು ಎಂದು ಅವಳ ಗೆಳತಿ ಆಗಲೇ ಹೇಳಿದ್ದಳು. ಹಿಂದೊಮ್ಮೆ ‘ಸ್ಪೀಡು’ ಎಂದದ್ದಕ್ಕೆ ಯಾರೋ ತರಗತಿಯ ಎದುರೇ ತಿದ್ದಿದ್ದರಂತೆ. ಮತ್ತೆ ತಿದ್ದಿದರೆ ಅವಳು ಮತ್ತೆ ಸುಮ್ಮನಾಗುತ್ತಾಳೆ. ಆದ್ದರಿಂದ ಮಾರ್ಗದರ್ಶಕ ಅಧ್ಯಾಪಕರ ಹತ್ತಿರ ಹೋಗಿ ನನ್ನ ವಾದ ಹೇಳಿದೆ. ‘ಸರ್, ಜವ, ವೇಗ, ಬಲ ಇವೂ ಸಂಸ್ಕೃತದಿಂದ ಎರವಲು ಬಂದವೇ. ಒಂದು ಪದಕ್ಕೆ ಮಗು ತನ್ನ ಪ್ರತ್ಯಯ ಹಚ್ಚಿ ಮಾತಾಡುತ್ತಿದೆ ಅಂದ್ರೆ ಅದು ಬಾಯಿಪಾಠ ಅಲ್ಲ, ಯೋಚನೆ ಮಾಡ್ತಿದೆ ಅಂತ. ಬಾಯಿಪಾಠ ಮಾಡಿದ ವಾಕ್ಯದಲ್ಲಿ ಪದ ಅಲ್ಲಾಡೋದೇ ಇಲ್ಲ.’

ಅವರು ತಾಳ್ಮೆಯಿಂದ ಕೇಳಿ, ‘ಸರಿಯಮ್ಮ. ಆದ್ರೆ ಪ್ರಶ್ನೆಪತ್ರಿಕೆಯಲ್ಲಿ ಜವ ಅಂತ ಇರುತ್ತೆ, ಸ್ಪೀಡು ಅಂತ ಇರಲ್ಲ. ಆ ಮಗು ಅಲ್ಲಿ ನಿಂತುಬಿಟ್ರೆ ಯಾರು ಹೊಣೆ?’ ಎಂದರು. ‘ಇನ್ನೊಂದು. ನಲ್ಲಿಯಲ್ಲಿ ನೀರು ಫೋರ್ಸಾಗಿ ಬರ್ತಿದೆ ಅಂತೀವಿ. ಆ ಫೋರ್ಸೂ ನ್ಯೂಟನ್ನನ ಫೋರ್ಸೂ ಒಂದೇನಾ?’

ಅವರ ಮಾತಿನಲ್ಲಿ ಹುರುಳಿತ್ತು. ಕೊಚಿ ಎಂಬುದು ಬಂಡಿಯಾಗಿದ್ದು ಮೇಷ್ಟ್ರಾದ ಹಾಗೆ, ಎರವಲು ಪದ ನಮ್ಮಲ್ಲಿಗೆ ಬಂದ ಮೇಲೆ ತನ್ನದೇ ಅರ್ಥ ಬೆಳೆಸಿಕೊಂಡಿರುತ್ತದೆ. ‘ಕರೆಂಟು ಹೋಯ್ತು’ ಎನ್ನುವಾಗ ನಾವು ಆಂಪಿಯರ್ ಬಗ್ಗೆ ಮಾತಾಡುತ್ತಿಲ್ಲ, ಮನೆಗೆ ಬರುವ ವಿದ್ಯುತ್ತಿನ ಬಗ್ಗೆ ಮಾತಾಡುತ್ತಿದ್ದೇವೆ. ಪ್ರತ್ಯಯ ಹತ್ತಿದೆ ಎಂದರೆ ಪದ ಮಗುವಿನದಾಗಿದೆ ಎಂದಷ್ಟೇ ತಿಳಿಯುತ್ತದೆ. ಪರಿಕಲ್ಪನೆ ಸರಿಯಾಗಿದೆಯೇ ಎಂಬುದನ್ನು ಬೇರೆಯಾಗಿ ಕೇಳಬೇಕು.

ಅಂದಿನಿಂದ ನಾನು ಕಪ್ಪುಹಲಗೆಯ ಬಲಬದಿಯಲ್ಲಿ ಎರಡು ಅಂಕಣ ಎಳೆಯುತ್ತೇನೆ: ಮನೆ ಮಾತು, ಪುಸ್ತಕದ ಮಾತು. ಮಕ್ಕಳು ಹೇಳಿದ ‘ಸ್ಪೀಡು’ ಎಡಕ್ಕೆ, ‘ಜವ’ ಬಲಕ್ಕೆ. ‘ಫೋರ್ಸು’ ಎಡಕ್ಕೆ ಬಂದಾಗ ಅವರು ಅದನ್ನು ಎಲ್ಲೆಲ್ಲಿ ಬಳಸುತ್ತಾರೆ ಎಂದು ಕೇಳಿ, ಅದರಲ್ಲಿ ಯಾವುದು ‘ಬಲ’, ಯಾವುದು ‘ಒತ್ತಡ’ ಎಂದು ಬಿಡಿಸುತ್ತೇವೆ. ಬಾಯಲ್ಲಿ ಎಡದ್ದಾದರೂ ಸರಿ, ಬರೆಯುವಾಗ ಬಲದ್ದು ಎಂಬುದು ತರಗತಿಯ ಒಪ್ಪಂದ. ಪಾಠಯೋಜನೆಯ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ. ನಾನು ‘ಪೂರ್ವಜ್ಞಾನ’ದ ಕೆಳಗೆ ಬರೆಯುತ್ತಿದ್ದೇನೆ, ಸರ್ ಆಕ್ಷೇಪಿಸಿಲ್ಲ.

ಕಳೆದ ವಾರ ಆ ಹುಡುಗಿಯ ಟಿಪ್ಪಣಿ ಪುಸ್ತಕ ತಿದ್ದುವಾಗ ಒಂದು ವಾಕ್ಯ ಕಂಡಿತು: ‘ರೇಡ್‌ಗೆ ಹೋದಾಗ ನಾನು ತಿರುಗಿದರೆ ಜವ ಅಷ್ಟೇ ಇದ್ದರೂ ವೇಗ ಬದಲಾಗುತ್ತದೆ.’ ಪುಸ್ತಕದಲ್ಲಿ ಕಬಡ್ಡಿಯ ಉದಾಹರಣೆ ಇಲ್ಲ. ಕೆಳಗೆ ಸಹಿ ಹಾಕಿ, ‘ಯಾಕೆ ಬದಲಾಗುತ್ತದೆ? ಎರಡು ವಾಕ್ಯದಲ್ಲಿ ಬರೆ’ ಎಂದು ಬರೆದು ವಾಪಸು ಕೊಟ್ಟಿದ್ದೇನೆ.